ಹೊಗೆಗೆ ಹಣ್ಣಿನ ಮರದ ಕಟ್ಟಿಗೆ

ನಮಸ್ಕಾರ. ಮಾಂಸಕ್ಕೆ ಹೊಗೆ ಕೊಡುವಾಗ ಉಪ್ಪು, ಮಸಾಲೆ, ಉರಿಯ ಹದ ಎಂದು ತಲೆಕೆಡಿಸಿಕೊಳ್ಳುವ ನಾವು ಕಟ್ಟಿಗೆಯನ್ನು ಕಡೆಯಲ್ಲಿ ನೆನೆಯುತ್ತೇವೆ. ಹೊಗೆಯ ರುಚಿ ಬಹುಮಟ್ಟಿಗೆ ನಿರ್ಧಾರವಾಗುವುದು ಕಟ್ಟಿಗೆ ಒಣಗುವ ತಿಂಗಳುಗಳಲ್ಲೇ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಇಂದು ಒಲೆ ಹಚ್ಚುವುದಿಲ್ಲ.

ಇವು ಸೇಬಿನ ಮರದಿಂದ ಸವರಿ ತೆಗೆದ ಕೊಂಬೆಗಳು. ಚೆರ್ರಿ, ಪೀಚ್, ಪ್ಲಮ್ ಮರಗಳ ಕೊಂಬೆಗಳೂ ಆಗುತ್ತವೆ. ಪೈನ್‌ನಂತಹ ರಾಳದ ಮರ, ಬಣ್ಣ ಬಳಿದ ಹಲಗೆ, ಇತ್ತೀಚೆಗೆ ಕೀಟನಾಶಕ ಸಿಂಪಡಿಸಿದ ಕೊಂಬೆ ಖಂಡಿತ ಬೇಡ. ಕೊಯ್ಯಲು ನಾನು ಕೈಗರಗಸವನ್ನೇ ಹಿಡಿಯುತ್ತೇನೆ, ಏಕೆಂದರೆ ಯಂತ್ರದ ಗರಗಸದ ಸರಪಳಿಗೆ ಹಾಕುವ ಎಣ್ಣೆ ಕಟ್ಟಿಗೆಗೆ ಸಿಡಿಯುತ್ತದೆ.

ಹಸಿ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಉರಿಯ ಶಾಖವೆಲ್ಲ ಆ ನೀರನ್ನು ಆವಿಯಾಗಿಸುವುದರಲ್ಲೇ ಕಳೆದುಹೋಗಿ, ಕಟ್ಟಿಗೆ ಅರೆಬರೆ ಸುಟ್ಟು, ದಟ್ಟವಾದ ಬಿಳಿ ಹೊಗೆ ಎದ್ದು ಮಾಂಸದ ಮೇಲೆ ಕಹಿಯಾದ ಜಿಡ್ಡು ಕೂರುತ್ತದೆ. ಒಣಗಿದ ಕಟ್ಟಿಗೆಯಲ್ಲಾದರೋ ಲಿಗ್ನಿನ್ ಎಂಬ ಅಂಶ ಶಾಖಕ್ಕೆ ಒಡೆದು, ನಾವು ಹೊಗೆಯ ಘಮವೆಂದು ಗುರುತಿಸುವ ಗ್ವಾಯಕಾಲ್, ಸಿರಿಂಗಾಲ್ ಎಂಬ ರಾಸಾಯನಿಕಗಳು ಹೊರಬರುತ್ತವೆ. ಆಗ ಏಳುವ ಹೊಗೆ ತೆಳುವಾಗಿ, ತುಸು ನೀಲಿಯಾಗಿ ಕಾಣುತ್ತದೆ.

ತೇವಾಂಶ ಶೇ 20ರ ಆಸುಪಾಸಿಗೆ ಇಳಿಯಬೇಕು. ತೊಗಟೆ ನೀರನ್ನು ತಡೆಹಿಡಿಯುವುದರಿಂದ, ಕೊಂಬೆಯನ್ನು ಗಿಡ್ಡದಾಗಿ ಕೊಯ್ದು, ದಪ್ಪವಿದ್ದರೆ ಸೀಳಿಬಿಡಬೇಕು. ನೆಲದಿಂದ ಮೇಲೆತ್ತಿ, ನಡುನಡುವೆ ಗಾಳಿಯಾಡುವಂತೆ ಪೇರಿಸಿ, ಮೇಲ್ಭಾಗವನ್ನು ಮಾತ್ರ ಮುಚ್ಚಿ. ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಈ ತುಂಡಿನ ತುದಿಯನ್ನು ಹತ್ತಿರದಿಂದ ನೋಡಿ: ತಿರುಳಿನಿಂದ ಅಂಚಿಗೆ ಕೂದಲೆಳೆಯಂತಹ ಬಿರುಕುಗಳು ಹರಡಿವೆ. ಆದರೆ ತುದಿ ಮೊದಲು ಒಣಗುತ್ತದೆ, ಒಳಗೆ ಇನ್ನೂ ಹಸಿಯಿರಬಹುದು, ಬಿರುಕನ್ನಷ್ಟೇ ನಂಬಬೇಡಿ. ಒಂದು ತುಂಡಿನ ತೂಕವನ್ನು ಅದರ ಮೇಲೆಯೇ ಪೆನ್ಸಿಲ್‌ನಿಂದ ಬರೆದಿಟ್ಟು ಆಗಾಗ ತೂಗುತ್ತಿರಿ, ತೂಕ ಇಳಿಯುವುದು ನಿಂತಾಗ ಅದು ಒಣಗಿದೆ ಎಂದರ್ಥ. ತೇವಾಂಶಮಾಪಕವಿದ್ದರೆ ತುಂಡನ್ನು ಆಗಷ್ಟೇ ಸೀಳಿ, ಒಳಮೈಯಲ್ಲಿ ಅಳೆಯಿರಿ.

ಸಡಿಲವಾದ ತೊಗಟೆಯನ್ನೂ ಪಾಚಿಯನ್ನೂ ಕೆರೆದು ತೆಗೆಯುತ್ತೇನೆ, ಗಟ್ಟಿಯಾಗಿ ಅಂಟಿದ ತೆಳು ತೊಗಟೆಯನ್ನು ಬಿಡುತ್ತೇನೆ. ಬೂಷ್ಟು ಹಿಡಿದದ್ದನ್ನು ಬಳಸುವುದೇ ಇಲ್ಲ. ಕಟ್ಟಿಗೆಯ ಸಣ್ಣ ಚಕ್ಕೆಗಳನ್ನು ನೀರಿನಲ್ಲಿ ನೆನೆಸುವ ರೂಢಿಯನ್ನೂ ನಾನು ಒಪ್ಪುವುದಿಲ್ಲ: ನೀರು ಮೇಲ್ಮೈಯಲ್ಲಷ್ಟೇ ನಿಂತು, ಆವಿಯಾಗಿ ಹೋಗುವವರೆಗೂ ಹೊಗೆಯನ್ನು ತಡಮಾಡುತ್ತದೆ, ಅಷ್ಟೆ.

ಬೇಗ ಬೇಯುವ ಮೀನಿಗೆ ಚಕ್ಕೆ ಸಾಕು. ಗಂಟೆಗಟ್ಟಲೆ ಬೇಯಬೇಕಾದ ದಪ್ಪ ಮಾಂಸಕ್ಕೆ ಮುಷ್ಟಿಗಾತ್ರದ ತುಂಡುಗಳಿರಲಿ. ಒಣಗಿದ ಮೇಲೆ ಗಾಳಿಯಾಡುವ ಚೀಲದಲ್ಲಿ, ಮರದ ಹೆಸರು ಬರೆದು ಇಡಿ.