ದುರ್ಗದ ನೆತ್ತಿಯಿಂದ ಕಡಬದ ಏರಿಗೆ: ನೀರಿನ ಜಾಡಲ್ಲಿ ಎರಡು ಬೆಳಗು

ಬೆಳಗಿನ ಐದೂವರೆ. ತುಮಕೂರು ಇನ್ನೂ ಕಣ್ಣು ಬಿಟ್ಟಿಲ್ಲ. ಸೈಕಲ್ ಲೈಟಿನ ಬೆಳಕು ಬಿಟ್ಟರೆ ಈಗ ವಿಡಿಯೊದಲ್ಲಿ ನಿಮಗೆ ಬೇರೇನೂ ಕಾಣುತ್ತಿಲ್ಲ, ಸ್ವಲ್ಪ ತಾಳಿ. ಬೆಳಗುಂಬ ದಾಟುವ ಹೊತ್ತಿಗೆ ಮೂಡಣ ಕೆಂಪಾಗುತ್ತದೆ.

ಡಿಸೆಂಬರ್ ಕೊನೆಯ ವಾರ. ಗ್ಲೌಸ್ ಹಾಕಿದ್ದರೂ ಬೆರಳ ತುದಿ ಮರಗಟ್ಟಿದೆ. ಹೊಲಗಳಲ್ಲಿ ರಾಗಿ ಕೊಯ್ದು ಮೆದೆ ಹಾಕಿದ್ದಾರೆ. ಎಲ್ಲೋ ಒಂದು ಕಡೆ ಒಲೆ ಹೊತ್ತಿಸಿದ ಹೊಗೆ ವಾಸನೆ. ಈ ಚಳಿ, ಈ ವಾಸನೆ ಎರಡೂ ಇದ್ದರೆ ನನಗೆ ಕಾಲು ತಾನಾಗಿ ತಿರುಗುತ್ತದೆ.

ಯಾವಾಗಲೂ ಮ್ಯಾಪ್ ತೆಗೆದು, ಗಾಡಿ ಕಡಿಮೆ ಓಡಾಡುವ ರಸ್ತೆ ಹುಡುಕಿ ಹೊರಡುತ್ತೇನೆ. ಈ ಸಲ ಹಾಗೆ ಮಾಡಲಿಲ್ಲ. ನೀರನ್ನು ಹಿಡಿದು ಹೊರಟೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಎಲ್ಲಿಗೆ ಹೋಗುತ್ತಾಳೋ ಆ ಕಡೆ. ಮೊದಲ ದಿನ ಬೆಟ್ಟ, ಎರಡನೇ ದಿನ ಕೆರೆ, ಕಾಲುವೆ.

ಇದು ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಡಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟ, ಅಲ್ಲಿಂದ ನೀರು ಚಿಮ್ಮಿತು ಅಂತ ಇಲ್ಲಿಯ ಕತೆ. ಹತ್ತಿರ ಹೋಗಿ ನೋಡಿ. ಬಂಡೆಯಲ್ಲಿ ಒಂದು ಸಣ್ಣ ಗುಳಿ, ಅಷ್ಟೇ. ಅದರೊಳಗೆ ನೀರು ಸದ್ದಿಲ್ಲದೆ ಒಸರುತ್ತಿದೆ. ಇದರ ಮುಂದೆ ಹತ್ತು ನಿಮಿಷ ಕೂತರೆ ಒಂದು ವಿಷಯ ಅರ್ಥವಾಗುತ್ತದೆ. ಮಳೆ ಬಿದ್ದು ತಿಂಗಳಾದರೂ ಬೆಟ್ಟ ನೀರನ್ನು ತನ್ನ ಬಿರುಕುಗಳಲ್ಲಿ ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮೇಲೆ ಕಾಡು ಇರುವ ತನಕ ಮಾತ್ರ.

ಇಲ್ಲಿಂದ ಮುಂದೆ ಏರು. ಬೆಟ್ಟದ ಬುಡದಲ್ಲಿ ಭೋಗ ನರಸಿಂಹ, ನೆತ್ತಿಯಲ್ಲಿ ಯೋಗ ನರಸಿಂಹ. ಈ ಇಬ್ಬರ ನಡುವಿನ ರಸ್ತೆ ಉದ್ದಕ್ಕೆ ಚಿಕ್ಕದು, ಆದರೆ ಕಡಿದು. ಮುಂದಿನ ಚಿಕ್ಕ ಹಲ್ಲು ಚಕ್ರ, ಹಿಂದಿನ ದೊಡ್ಡದು, ಅದಕ್ಕಿಂತ ಹಗುರವಾದ ಗೇರ್ ನನ್ನ ಹತ್ತಿರ ಇಲ್ಲ. ಮೊದಲ ಬಾರಿ ಬರುವವರಿಗೆ ಒಂದೇ ಮಾತು: ತಿರುವಿನಲ್ಲಿ ಒಳಗಡೆ ಅಂಚು ಹಿಡಿಯಬೇಡಿ. ಅಲ್ಲಿ ಏರು ಜಾಸ್ತಿ. ಎದುರಿಗೆ ಗಾಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನಿಮ್ಮ ಪಕ್ಕದಲ್ಲೇ ಸ್ವಲ್ಪ ಅಗಲವಾಗಿ ತಿರುಗಿ. ಇನ್ನೊಂದು, ಇಲ್ಲಿ ಕೋತಿಗಳು ಜಾಸ್ತಿ. ಬಾಳೆಹಣ್ಣು ಜೇಬಿನಿಂದ ಹೊರಗೆ ಇಣುಕಬಾರದು.

ನೆತ್ತಿ ಸುಮಾರು 1,200 ಮೀಟರ್ ಎತ್ತರ. ಹಿಂದೆ ಇದಕ್ಕೆ ಜಡಕನ ದುರ್ಗ ಎನ್ನುತ್ತಿದ್ದರಂತೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಈಗಿನ ಹೆಸರು ಬಂತು. ಬಂಡೆಗಳ ನಡುವೆ ಹಕ್ಕಿ ಕೂಗುತ್ತಿದೆಯಲ್ಲ, ಹಕ್ಕಿ ನೋಡುವವರು ದೂರದೂರುಗಳಿಂದ ಇಲ್ಲಿಗೆ ಹಳದಿ ಕೊರಳಿನ ಪಿಕಳಾರ ಹುಡುಕಿಕೊಂಡು ಬರುತ್ತಾರೆ. ನನಗೆ ಇವತ್ತು ಅದು ಕಾಣಲಿಲ್ಲ.

ಆದರೆ ನಾನು ಹತ್ತಿದ್ದು ಬೇರೆಯದಕ್ಕೆ. ಕ್ಯಾಮೆರಾ ಉತ್ತರಕ್ಕೆ ತಿರುಗಿಸುತ್ತೇನೆ, ನೋಡಿ. ಜಯಮಂಗಲಿ ಆ ಕಡೆಗೆ ಇಳಿಯುತ್ತಾಳೆ. ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿಗೆ ಸೇರಿ ಆಂಧ್ರಕ್ಕೆ ಹೋಗುತ್ತಾಳೆ. ಈಗ ದಕ್ಷಿಣಕ್ಕೆ. ಶಿಂಷಾ ಈ ಕಡೆ ಇಳಿದು ಕಾವೇರಿಗೆ ಸೇರುತ್ತಾಳೆ. ಒಂದೇ ಬೆಟ್ಟ, ಒಂದೇ ಮಳೆ. ಹನಿ ನಾಲ್ಕು ಹೆಜ್ಜೆ ಆಚೆ ಬಿದ್ದರೆ ಒಂದು ನದಿ, ಈಚೆ ಬಿದ್ದರೆ ಇನ್ನೊಂದು. ಶಾಲೆಯಲ್ಲಿ ಓದಿದ್ದೆ. ಏರು ಹತ್ತಿ ತೊಡೆ ನಡುಗುವಾಗ ನಿಂತು ನೋಡಿದರೆ ಅದು ಬೇರೆಯೇ ಥರ ತಿಳಿಯುತ್ತದೆ.

ಇಳಿಯುವಾಗ ಊರ್ಡಿಗೆರೆ ಕಡೆಯಿಂದ ಬಂದೆ. ಬ್ರೇಕ್ ಬಿಸಿಯಾಗದ ಹಾಗೆ ಬಿಟ್ಟು ಬಿಟ್ಟು ಹಿಡಿಯಿರಿ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ. ಎರಡು ತಿಂದೆ, ಮೂರನೆಯದನ್ನೂ ತಿಂದೆ.

ಎರಡನೇ ದಿನ. ತುಮಕೂರಿನಿಂದ ಗುಬ್ಬಿ ಕಡೆಗೆ. ಹೆದ್ದಾರಿಯಲ್ಲಿ ತೋರಿಸುವಂಥದ್ದು ಏನೂ ಇಲ್ಲ, ಆದಷ್ಟು ಬೇಗ ಹಳ್ಳಿ ರಸ್ತೆಗೆ ಇಳಿದುಬಿಡಿ. ಇಳಿದ ಕೂಡಲೇ ಎರಡೂ ಕಡೆ ತೆಂಗು, ಅಡಿಕೆ. ನೆರಳು ರಸ್ತೆ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಬಿದ್ದಿದೆ.

ಇಲ್ಲಿ ಒಂದು ಚಿಕ್ಕ ಆಪತ್ತು ಆಯಿತು. ಸುಗ್ಗಿ ಸಮಯ ಅಲ್ವಾ, ರಸ್ತೆಯೇ ಕಣ. ಹುರುಳಿ ಗಿಡ ಹರಡಿದ್ದರು, ಹೋಗಿ ಬರುವ ಗಾಡಿ ಚಕ್ರವೇ ಒಕ್ಕಣೆ ಮಾಡುತ್ತದೆ. ನಾನು ಪಕ್ಕಕ್ಕೆ ಸರಿಯದೆ ಮೇಲೆಯೇ ಹೋದೆ. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಪೆಡಲ್ ಗಕ್ಕನೆ ನಿಂತಿತು. ಹಿಂದಿನ ಗೇರ್ ಬದಲಿಸುವ ಡಿರೇಲರ್‌ನ ಪುಟ್ಟ ಚಕ್ರಗಳಿಗೆ ಹುರುಳಿ ಬಳ್ಳಿ ದಾರದ ಉಂಡೆಯಂತೆ ಸುತ್ತಿಕೊಂಡಿತ್ತು. ಎಳೆದರೆ ಇನ್ನೂ ಬಿಗಿ. ಗುಡಿಸುತ್ತಿದ್ದ ಅಜ್ಜಿ ಪೊರಕೆ ಬಿಟ್ಟು ಬಂದರು. ಸುಮ್ನೆ ನೋಡಿದರು. ತಲೆಯಿಂದ ಒಂದು ಪಿನ್ನು ತೆಗೆದು, "ಎಳೀಬ್ಯಾಡ, ಹಿಂದಕ್ಕೆ ತಿರುಗ್ಸು" ಅಂದರು. ನಾನು ಪೆಡಲ್ ಹಿಂದಕ್ಕೆ ತಿರುಗಿಸಿದೆ, ಅವರು ಪಿನ್ನಿನ ತುದಿಯಿಂದ ಒಂದೊಂದೇ ಎಳೆ ಬಿಡಿಸಿದರು. ಬಿಡಿಸಿದ್ದನ್ನೂ ಎಸೆಯಲಿಲ್ಲ, ಅದರಲ್ಲಿದ್ದ ಕಾಯಿ ಬಿಡಿಸಿ ರಾಶಿಗೆ ಹಾಕಿದರು. ಅವರ ಕಾಳಿನ ಮೇಲೆ ನಾನು ಚಕ್ರ ಹರಿಸಿದ್ದಕ್ಕೆ ಒಂದು ಮಾತೂ ಆಡಲಿಲ್ಲ. ಸುಗ್ಗಿಯಲ್ಲಿ ಈ ರಸ್ತೆಗಳಿಗೆ ಬರುವವರು ಕಣದ ಹತ್ತಿರ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಅದು ಅವರ ವರ್ಷದ ಅನ್ನ.

ಇಗೋ, ಹೇಮಾವತಿ ಕಾಲುವೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಲ್ಲಿಂದ ನೀರು ಇಷ್ಟು ದೂರ ಬಂದು ಇಲ್ಲಿಯ ಕೆರೆಗಳನ್ನು ತುಂಬಿಸುತ್ತದೆ. ತುಮಕೂರು ಪೇಟೆ ಕುಡಿಯುವುದೂ ಇದೇ ನೀರು, ಬುಗುಡನಹಳ್ಳಿ ಕೆರೆಗೆ ತಂದು ಶುದ್ಧ ಮಾಡಿ ಕೊಡುತ್ತಾರೆ. ನಾನು ಬೆಳಿಗ್ಗೆ ಬಾಟಲಿಗೆ ತುಂಬಿಸಿಕೊಂಡದ್ದೂ ಅದೇ.

ಏರಿ ಮೇಲಿನ ದಾರಿ ಜಲ್ಲಿ, ಮಣ್ಣು. 28 ಮಿಲಿಮೀಟರ್ ಟೈರಿಗೆ ಗಾಳಿ ಸ್ವಲ್ಪ ಇಳಿಸಿದೆ. ಈಗ ಸೈಕಲ್ ಕಂಪ್ಯೂಟರ್ ಪರದೆ ನೋಡಿ. ಇಳಿಜಾರು ಸೊನ್ನೆ. ಇನ್ನೂ ಒಂದು ಕಿಲೋಮೀಟರ್ ಆದರೂ ಸೊನ್ನೆ. ಪಕ್ಕದಲ್ಲಿ ನೀರು ಮಾತ್ರ ಹರಿಯುತ್ತಲೇ ಇದೆ. ದೊಡ್ಡ ಕಾಲುವೆಗಳಿಗೆ ಸಾವಿರಾರು ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟರೆ ಸಾಕು. ನನ್ನ ಯಂತ್ರಕ್ಕೆ ಗೊತ್ತಾಗದ, ಕಾಲಿಗೂ ಗೊತ್ತಾಗದ ಆ ಇಳಿಜಾರು ನೀರಿಗೆ ಗೊತ್ತು. ನಿನ್ನೆ ಬೆಟ್ಟದ ರಸ್ತೆ ತಿರುಗಿದ್ದು ಎತ್ತರ ಹತ್ತಲು. ಇವತ್ತು ಕಾಲುವೆ ಗುಡ್ಡ ಬಳಸಿ ತಿರುಗುತ್ತಿರುವುದು ಎತ್ತರ ಕಳೆದುಕೊಳ್ಳದೆ ಇರಲು. ಕೆಳಗೆ ಇಳಿದುಬಿಟ್ಟರೆ ಮುಂದಿನ ಹೊಲಕ್ಕೆ ನೀರು ಹತ್ತುವುದಿಲ್ಲವಲ್ಲ.

ದಯವಿಟ್ಟು ಇಲ್ಲಿ ಕೈಕಾಲು ತೊಳೆಯಲು ಇಳಿಯಬೇಡಿ. ಸಿಮೆಂಟ್ ಗೋಡೆಗೆ ಪಾಚಿ ಕಟ್ಟಿದೆ. ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ.

ಈ ಲೆಕ್ಕ 1979ರಲ್ಲಿ ಶುರುವಾದದ್ದಲ್ಲ. ದಾರಿಯಲ್ಲಿ ಸಿಕ್ಕ ಈ ಸಣ್ಣ ಕೆರೆಯ ತೂಬು ನೋಡಿ. ನೀರೊಳಗಿಂದ ಎದ್ದ ಎರಡು ಕಲ್ಲು ಕಂಬ, ನಡುವೆ ಅಡ್ಡ ಹಲಗೆಗಲ್ಲು, ಅದರಲ್ಲಿ ಒಂದು ದುಂಡನೆಯ ತೂತು. ಆ ತೂತಿನಲ್ಲಿ ಉದ್ದನೆಯ ಮರದ ಗಳ ಇಳಿಬಿಟ್ಟು ಕೆಳಗಿನ ಕಂಡಿ ಮುಚ್ಚುತ್ತಿದ್ದರು. ಎತ್ತಿದರೆ ಅಚ್ಚುಕಟ್ಟಿಗೆ ನೀರು. ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ಅವನ ಬಾಯಲ್ಲಿತ್ತು. ತೂತಿನ ಅಂಚು ಮುಟ್ಟಿದರೆ ಒಂದು ಪಕ್ಕ ನುಣ್ಣಗೆ ಸವೆದಿದೆ. ಗಳ ಉಜ್ಜಿ ಉಜ್ಜಿ ಸವೆದದ್ದು.

ಈ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಡುವೆ ಕೊಂಡಿಯಾಗಿ ರಾಜಕಾಲುವೆ. ಒಂದು ಕಡೆ ಕಾಲುವೆ ಮುಚ್ಚಿದರೆ ಸಾಲಿನ ಎಲ್ಲ ಕೆರೆಗೂ ಪೆಟ್ಟು. ನಮ್ಮ ಮನೆ ಹತ್ತಿರದ ಕೆರೆಗೆ ಹೀಗೇ ಆಯಿತು. ಮೇಲಿನ ಕಾಲುವೆಯನ್ನು ಮಣ್ಣು ತುಂಬಿ ಸೈಟು ಮಾಡಿದರು. ಈಗ ಮಳೆ ಬಂದರೆ ನೀರು ಬೀದಿಗೆ ನುಗ್ಗುತ್ತದೆ, ಕೆರೆ ಒಣಗಿ ನಿಂತಿದೆ. ನನಗೆ ಈಜು ಕಲಿಸಿದ ಕೆರೆ ಅದು. ಇದನ್ನು ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ.

ಇದು ಕಡಬದ ಕೆರೆ. ಲಂಕೆಯಿಂದ ಮರಳುವಾಗ ಸೀತೆ ಕೇಳಿದಳು ಅಂತ ರಾಮ ಶಿಂಷೆಗೆ ಅಡ್ಡ ಕಟ್ಟಿಸಿದ ಕೆರೆ ಎಂದು ಹಿಂದಿನವರು ಹೇಳುತ್ತಾರೆ. ನಾಮದ ಚಿಲುಮೆಯಲ್ಲೂ ರಾಮ, ಇಲ್ಲೂ ರಾಮ. ನಮ್ಮ ಸೀಮೆಯಲ್ಲಿ ನೀರು ಸಿಕ್ಕಿದ ಕಡೆಯೆಲ್ಲ ಅವನ ಹೆಜ್ಜೆ. ನಿನ್ನೆ ನೆತ್ತಿಯಿಂದ ತೋರಿಸಿದೆನಲ್ಲ, ಆ ದಕ್ಷಿಣದ ಇಳಿಜಾರಿನ ಮಳೆ ಹರಿದು ಬಂದು ನಿಲ್ಲುವುದು ಇಲ್ಲಿ. ಹೇಮಾವತಿಯ ನೀರೂ ಬಂದು ಇದಕ್ಕೇ ಕೂಡುತ್ತದೆ. ಯಾವುದು ಯಾವ ನೀರು ಅಂತ ಬೇರೆ ಮಾಡಲು ಆಗುವುದಿಲ್ಲ.

ಏರಿ ಮೇಲೆ ಸೈಕಲ್ ಒರಗಿಸಿದೆ. ಡ್ರೋನ್ ಹಾರಿಸಲಿಲ್ಲ, ನಡುಗಡ್ಡೆಯ ಜಾಲಿ ಮರದಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಬಾಟಲಿಯಲ್ಲಿ ಎರಡು ಗುಟುಕು ಉಳಿದಿತ್ತು.

ಇಲ್ಲಿಂದ ಶಿಂಷಾ ತೆಂಕಲಿಗೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೋಗುತ್ತಾಳೆ. ಅಲ್ಲಿಯ ಅಣೆಕಟ್ಟೆಯಲ್ಲಿ ಸೈಫನ್‌ಗಳಿವೆ. ನೀರು ಮಟ್ಟ ಮೀರಿದರೆ ಯಾರೂ ಗೇಟ್ ಎತ್ತಬೇಕಿಲ್ಲ, ತಾನೇ ಎಳೆದುಕೊಂಡು ಹೊರಗೆ ಹರಿಯುತ್ತದೆ. ಅದನ್ನು ನೋಡಬೇಕು ಅಂದರೆ ಜಲಾಶಯ ತುಂಬಿರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಹೊರಡುತ್ತೇನೆ. ಈಗ ಎದುರು ಗಾಳಿ, ಗುಬ್ಬಿ ತಲುಪುವವರೆಗೆ ತಲೆ ತಗ್ಗಿಸಿ ತುಳಿಯಬೇಕು.