ಮಧುಮೇಹದ ಆರೈಕೆ: ತರಬೇತಿ ತಲುಪಬೇಕಾದ ಕೈಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇಷ್ಟು ಮಂದಿಯನ್ನು ದೊಡ್ಡ ಊರುಗಳ ತಜ್ಞವೈದ್ಯರೇ ನೋಡಿಕೊಳ್ಳುವುದು ಆಗದ ಮಾತು. ಇವರಲ್ಲಿ ಬಹುಪಾಲಿನವರ ಆರೈಕೆ ಊರಿನ ಸಾಮಾನ್ಯ ವೈದ್ಯರ, ಶುಶ್ರೂಷಕಿಯರ, ಸಮುದಾಯ ಆರೋಗ್ಯ ಅಧಿಕಾರಿಗಳ ಹಾಗೂ ಆಶಾ ಕಾರ್ಯಕರ್ತೆಯರ ಕೈಯಲ್ಲಿದೆ. ಆ ಕೈಗಳಿಗೆ ಸಿಗಬೇಕಾದ ತರಬೇತಿಯ ಬಗ್ಗೆ ಈ ಹೊತ್ತು ಮಾತನಾಡುತ್ತೇನೆ.

ವೈದ್ಯರ ಮಟ್ಟಿಗೆ ಒಳ್ಳೆಯ ಕೆಲಸ ನಡೆದಿದೆ. ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನವೂ ಚೆನ್ನೈನ ಡಾ. ಮೋಹನ್ ಅವರ ಮಧುಮೇಹ ಶಿಕ್ಷಣ ಸಂಸ್ಥೆಯೂ ಕೂಡಿ 2010ರಲ್ಲಿ ಆರಂಭಿಸಿದ ಪ್ರಮಾಣಪತ್ರ ಶಿಕ್ಷಣದಲ್ಲಿ, ವೈದ್ಯರು ತಮ್ಮ ಚಿಕಿತ್ಸಾಲಯವನ್ನು ಮುಚ್ಚದೆ, ತಿಂಗಳಿಗೊಮ್ಮೆ ಕೂತು ಕಲಿಯುವ ಏರ್ಪಾಡಿದೆ. ಆದರೆ ವೈದ್ಯರು ಬರೆದ ಚೀಟಿ ರೋಗಿಯ ಮೈಸೇರುವ ದಾರಿಯಲ್ಲಿ ಇನ್ನೂ ಹಲವು ಕೈಗಳಿವೆ.

ಇನ್ಸುಲಿನ್ನಿನ ಸಿರಿಂಜನ್ನೇ ನೋಡಿ. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್‌ನ ಇನ್ಸುಲಿನ್ನಿಗೆ ಕಿತ್ತಳೆ ಮುಚ್ಚಳದ್ದು. ನಲವತ್ತರ ಸೀಸೆಯಿಂದ ನೂರರ ಸಿರಿಂಜಿಗೆ ಇಪ್ಪತ್ತರ ಗೆರೆಯವರೆಗೆ ಎಳೆದರೆ ರೋಗಿಗೆ ಸಿಗುವುದು ಬರೀ 8 ಯೂನಿಟ್. ಇದೇ ತಿರುಗುಮುರುಗಾದರೆ 50 ಯೂನಿಟ್ ಒಳಹೋಗಿ, ಸಕ್ಕರೆ ಪಾತಾಳಕ್ಕಿಳಿದು, ಜೀವಕ್ಕೇ ಕುತ್ತು ಬರಬಹುದು. ಇದನ್ನು ಭಿತ್ತಿಚಿತ್ರದಲ್ಲಿ ತೋರಿಸಿದರೆ ಸಾಲದು. ಎರಡೂ ಸಿರಿಂಜುಗಳನ್ನು ಕೈಗೆ ಕೊಟ್ಟು, ನೀರು ಎಳೆಸಿ, ಪಕ್ಕಪಕ್ಕದಲ್ಲಿ ಹಿಡಿದು ನೋಡಿಸಬೇಕು.

ಚುಚ್ಚುವ ಜಾಗವೂ ಹಾಗೆಯೇ. ಹೊಕ್ಕುಳಿನ ಬದಿಯಲ್ಲಿ ದಿನವೂ ಒಂದೇ ಕಡೆ ಚುಚ್ಚಿಕೊಂಡರೆ ಚರ್ಮದಡಿ ಕೊಬ್ಬು ಗಂಟುಕಟ್ಟುತ್ತದೆ. ಅಲ್ಲಿ ನೋವು ಕಡಿಮೆಯಾದ್ದರಿಂದ ರೋಗಿ ಮತ್ತೆ ಅಲ್ಲಿಗೇ ಚುಚ್ಚಿಕೊಳ್ಳುತ್ತಾರೆ, ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಸಕ್ಕರೆ ಏರುತ್ತದೆ, ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಈ ಸುತ್ತನ್ನು ತುಂಡರಿಸಲು ಶುಶ್ರೂಷಕಿಯೊಬ್ಬರು ಬೆರಳಾಡಿಸಿ ಹೊಟ್ಟೆ ಮುಟ್ಟಿನೋಡಿದರೆ ಸಾಕು. ಬೆರಳಿಗೆ ಆ ಗಂಟಿನ ಗುರುತು ಸಿಗುವಂತೆ ಮಾಡುವುದೇ ತರಬೇತಿ.

ಪಾದದ ವಿಷಯದಲ್ಲಿ ನನಗೆ ಹೆಚ್ಚು ಕಳವಳವಿದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದೆಯೇ ಎಂದು ತಿಳಿಯಲು, ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಮೊದಲು ರೋಗಿಯ ಮುಂಗೈಗೆ ತಾಗಿಸಿ ಪರಿಚಯ ಮಾಡಿಸಿ, ಆಮೇಲೆ ಕಣ್ಣು ಮುಚ್ಚಲು ಹೇಳಿ, ಜಡ್ಡುಗಟ್ಟಿದ ಭಾಗವನ್ನು ಬಿಟ್ಟು ಅಂಗಾಲಿನ ಕೆಲವು ಕಡೆ ಒತ್ತಿ, “ತಿಳಿಯಿತೇ?” ಎಂದು ಕೇಳಬೇಕು. ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರೊಬ್ಬರು ಹೆಬ್ಬೆರಳಿನಡಿ ಏನೂ ತಿಳಿಯದೆ ಸುಮ್ಮನಿದ್ದುಬಿಟ್ಟರೆ, ಮುಳ್ಳು ಮುರಿದರೂ ಅವರಿಗೆ ಗೊತ್ತಾಗುವುದಿಲ್ಲ. ಕಾಲು ಕತ್ತರಿಸಬೇಕಾದ ಎಷ್ಟೋ ಪ್ರಸಂಗಗಳ ಮೊದಲ ಅಧ್ಯಾಯ ಇದೇ.

ಇನ್ನು ಮಾತು. “ಅನ್ನ ಬಿಡಿ, ಮುದ್ದೆ ತಿನ್ನಿ” ಎನ್ನುವ ಸಲಹೆ ನಮ್ಮಲ್ಲಿ ರೂಢಿ. ರಾಗಿಯಲ್ಲಿ ನಾರು, ಸುಣ್ಣದಂಶ ಇವೆ ನಿಜ. ಆದರೆ ಅದರಲ್ಲೂ ಪಿಷ್ಟವಿದೆ, ದೊಡ್ಡ ಮುದ್ದೆ ಎರಡು ಉಂಡರೆ ಸಕ್ಕರೆ ಏರುತ್ತದೆ. ಮುದ್ದೆಯ ಗಾತ್ರವೆಷ್ಟು, ಜೊತೆಗೆ ಸೊಪ್ಪು, ಕಾಳು ಇದೆಯೇ, ಉಪವಾಸದ ದಿನ ಮಾತ್ರೆ ಹೇಗೆ ಎಂದು ಕೇಳಲು, ಕೇಳಿ ಕಿವಿಗೊಡಲು ಕಲಿಸದ ಪಾಠ ನನ್ನ ದೃಷ್ಟಿಯಲ್ಲಿ ಅಪೂರ್ಣ.

ಆದ್ದರಿಂದ ತರಬೇತಿಯನ್ನು ಕೊನೆಯ ದಿನದ ಪ್ರಶ್ನೆಪತ್ರಿಕೆಯಿಂದ ಅಳೆಯುವುದನ್ನು ನಾನು ಒಪ್ಪಲಾರೆ. ಮೂರು ತಿಂಗಳು ಕಳೆದ ಮೇಲೆ ಕಲಿಸಿದವರೇ ಆ ಆರೋಗ್ಯ ಕೇಂದ್ರಕ್ಕೆ ಹೋಗಿ, ರೋಗಿಗಳ ಕಡತದಲ್ಲಿ ಪಾದಪರೀಕ್ಷೆಯ ಸಾಲು ತುಂಬಿದೆಯೇ, ಕೊಟ್ಟಿದ್ದ ನೈಲಾನ್ ಎಳೆ ಇನ್ನೂ ಪೊಟ್ಟಣದಲ್ಲೇ ಇದೆಯೇ ಎಂದು ನೋಡಬೇಕು. ನಮಸ್ಕಾರ.