ಬೀಗ ಹಾಕಬೇಕಾದದ್ದು ಯಾವ ಬಾಗಿಲಿಗೆ?

(ಟೆಕ್ಸಸ್‌ನ ಒಂದು ಕನ್ನಡ ಸಂಘದ ಪೋಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಕನ್ನಡ ಕ್ಲಾಸಿಗೆ ಬಿಟ್ಟು ನೀವೆಲ್ಲ ಇಲ್ಲಿ ಬಂದು ಕೂತಿದ್ದೀರಿ. ಪಕ್ಕದ ಕೋಣೆಯಲ್ಲಿ ಅವರು ಕಾಗುಣಿತ ಹೇಳುವುದು ಇಲ್ಲಿಗೂ ಕೇಳಿಸುತ್ತಿದೆ. ಆ ದನಿ ಕೇಳುತ್ತಾ ಬಂದೂಕಿನ ವಿಷಯ ಮಾತಾಡುವುದು ನನಗೆ ಕಷ್ಟವೇ. ಆದರೂ ಇವತ್ತು ಮಾತಾಡಬೇಕು ಅಂತ ನಾನೇ ಕೇಳಿಕೊಂಡು ಬಂದಿದ್ದೇನೆ.

ನಾನು ಇಲ್ಲಿನ ಒಂದು ಎಲಿಮೆಂಟರಿ ಶಾಲೆಯಲ್ಲಿ ಎರಡನೇ ಕ್ಲಾಸಿನ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಲಾಕ್‌ಡೌನ್ ಡ್ರಿಲ್ ಇರುತ್ತದೆ, ಅಂದರೆ ಬಂದೂಕು ಹಿಡಿದವರು ಶಾಲೆಗೆ ನುಗ್ಗಿದರೆ ಅಡಗಿ ಕೂರುವ ಅಭ್ಯಾಸ. ನಿಮ್ಮ ಮಕ್ಕಳು ಹೇಳಿರಬಹುದು. ಸ್ಪೀಕರ್‌ನಲ್ಲಿ 'ಲಾಕ್ಸ್, ಲೈಟ್ಸ್, ಔಟ್ ಆಫ್ ಸೈಟ್' ಅಂತ ಬರುತ್ತದೆ. ನಾನು ಬಾಗಿಲು ಹಾಕಿ ದೀಪ ಆರಿಸುತ್ತೇನೆ. ಬಾಗಿಲಿನ ಗಾಜಿನಿಂದ ನೋಡಿದರೆ ಕಾಣದ ಮೂಲೆಯಲ್ಲಿ ಮಕ್ಕಳೆಲ್ಲ ಒತ್ತಿಕೊಂಡು ಕೂರುತ್ತಾರೆ. ಉಸಿರು ಬಿಟ್ಟರೆ ಇನ್ನೇನೂ ಕೇಳಬಾರದು.

ಹೋದ ಸಲ ಒಬ್ಬಳು ಹುಡುಗಿಗೆ ಬಿಕ್ಕಳಿಕೆ ಶುರುವಾಯಿತು. ಏಳು ವರ್ಷದ ಮಗು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಪ್ರತಿ ಸಲ ಬಿಕ್ಕಿದಾಗಲೂ ಭುಜ ಮೇಲೆ ಹಾರುತ್ತಿತ್ತು. ಪಕ್ಕದ ಹುಡುಗ ತನ್ನ ಸ್ವೆಟರ್ ಬಿಚ್ಚಿ, ಸದ್ದು ಮಾಡದೆ, ಅವಳ ಬಾಯಿಗೆ ಒತ್ತಿಕೊಳ್ಳಲು ಕೊಟ್ಟ. ಡ್ರಿಲ್ ಮುಗಿದು ದೀಪ ಹಾಕಿದಾಗ ಅವಳು ನನ್ನ ಹತ್ತಿರ ಬಂದು 'ಸಾರಿ' ಅಂದಳು. ಬಿಕ್ಕಳಿಸಿದ್ದಕ್ಕೆ! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಯುವಾಲ್ಡಿಯ ಕಥೆಗೆ ಬರುತ್ತೇನೆ. ನಮ್ಮದೇ ರಾಜ್ಯ, ಸ್ಯಾನ್ ಆಂಟೋನಿಯೋದಿಂದ ಪಶ್ಚಿಮಕ್ಕಿರುವ ಸಣ್ಣ ಊರು. 2022ರ ಮೇ 24. ಬೇಸಿಗೆ ರಜಕ್ಕೆ ಎರಡೇ ದಿನ ಬಾಕಿ. ಬೆಳಗ್ಗೆ ರಾಬ್ ಎಲಿಮೆಂಟರಿಯಲ್ಲಿ ಮಕ್ಕಳಿಗೆ ಬಹುಮಾನ ಕೊಟ್ಟಿದ್ದರು. ಅಪ್ಪ ಅಮ್ಮ ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು. 11 ಗಂಟೆ 33 ನಿಮಿಷಕ್ಕೆ 18 ವರ್ಷದ ಹುಡುಗನೊಬ್ಬ ರೈಫಲ್ ಹಿಡಿದು ಒಳಗೆ ನುಗ್ಗಿದ. 19 ಮಕ್ಕಳು ಮತ್ತು ಇಬ್ಬರು ಟೀಚರ್‌ಗಳು ಸತ್ತರು.

ಪೊಲೀಸರು ಮೂರೇ ನಿಮಿಷದಲ್ಲಿ ಬಂದರು. ಆಮೇಲೆ ಬರುತ್ತಲೇ ಇದ್ದರು. ಕೊನೆಗೆ ಅಲ್ಲಿ ಸೇರಿದ್ದವರು 376 ಜನ. ಆದರೆ ಅವನಿದ್ದ ಕೋಣೆಯೊಳಗೆ ಹೋಗಿ ಅವನನ್ನು ಗುಂಡಿಟ್ಟು ಕೊಲ್ಲುವ ಹೊತ್ತಿಗೆ 77 ನಿಮಿಷ ಕಳೆದಿತ್ತು. ಅಷ್ಟು ಹೊತ್ತೂ ಒಳಗಿನಿಂದ ಮಕ್ಕಳು ತುರ್ತು ಸಹಾಯದ 911ಕ್ಕೆ ಫೋನ್ ಮಾಡುತ್ತಿದ್ದರು. ಹೊರಗೆ ರಸ್ತೆಯಲ್ಲಿ ಹೆತ್ತವರು 'ಒಳಗೆ ಹೋಗಿ, ಒಳಗೆ ಹೋಗಿ' ಅಂತ ಕಿರುಚುತ್ತಿದ್ದರು.

ಪೊಲೀಸರ ತಪ್ಪಿನ ಬಗ್ಗೆ ತುಂಬ ಮಾತಾಡಿದ್ದಾರೆ, ಮಾತಾಡಬೇಕಾದದ್ದೇ. ಟೆಕ್ಸಸ್ ವಿಧಾನಸಭೆಯ ಸಮಿತಿಯ ವರದಿ ಓದಿದಾಗ ನನ್ನನ್ನು ಕಾಡಿದ್ದು ಮಾತ್ರ ಬೀಗಗಳು. ಅವನು ಶಾಲೆಯೊಳಗೆ ಬಂದ ಹೊರಬಾಗಿಲನ್ನು ಒಬ್ಬ ಟೀಚರ್ ಎಳೆದು ಮುಚ್ಚಿದ್ದರು. ಅದು ಲಾಕ್ ಆಗಲಿಲ್ಲ. ಅವನಿದ್ದ 111ನೇ ಕೋಣೆಯ ಬೀಗ ಸರಿಯಿಲ್ಲ ಅನ್ನುವುದು ಶಾಲೆಯಲ್ಲಿ ಹಲವರಿಗೆ ಗೊತ್ತಿತ್ತು. ರಿಪೇರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅದೇ ಬಾಗಿಲಿಗೆ ಬೀಗ ಬಿದ್ದಿದೆ ಅಂದುಕೊಂಡು ಪೊಲೀಸರು ಕೀಲಿಕೈಗಾಗಿ ಕಾದರು. ಬಹುಶಃ ಅದಕ್ಕೆ ಬೀಗವೇ ಬಿದ್ದಿರಲಿಲ್ಲ.

ಇನ್ನೊಂದು ವಿಷಯ. ಆ ಊರು ಮೆಕ್ಸಿಕೊ ಗಡಿಯ ಹತ್ತಿರ ಇದೆ. ಕಳ್ಳದಾರಿಯಲ್ಲಿ ಜನರನ್ನು ಸಾಗಿಸುವ ಗಾಡಿಗಳನ್ನು ಪೊಲೀಸರು ಬೆನ್ನಟ್ಟಿದಾಗಲೆಲ್ಲ ಶಾಲೆಗೆ ಎಚ್ಚರಿಕೆ ಬರುತ್ತಿತ್ತು. ಫೆಬ್ರವರಿ ಕೊನೆಯಿಂದ ಆ ದಿನದವರೆಗೆ 50ರ ಹತ್ತಿರ ಎಚ್ಚರಿಕೆಗಳು. ಹೆಚ್ಚಿನವು ಈ ಬೆನ್ನಟ್ಟುವಿಕೆಯವೇ. 'ಹುಲಿ ಬಂತು ಹುಲಿ' ಕಥೆ ನೆನಪಿದೆಯಲ್ವಾ? ನಿಜವಾಗಿ ಹುಲಿ ಬಂದ ದಿನ ಕೆಲವರು ಇದೂ ಅದೇ ಅಂದುಕೊಂಡರು.

ಇದನ್ನು ಓದಿದಾಗ ನನಗೆ ಯಾರ ಕಡೆಗೂ ಬೆರಳು ತೋರಿಸಲಾಗಲಿಲ್ಲ. ನಮ್ಮ ಶಾಲೆಗಳಲ್ಲಿ ಬಾಗಿಲಿನ ಚೌಕಟ್ಟಿಗೆ ಒಂದು ಮ್ಯಾಗ್ನೆಟ್ ಪಟ್ಟಿ ಅಂಟಿಸುವುದುಂಟು. ಬಾಗಿಲು ಲಾಕ್ ಸ್ಥಿತಿಯಲ್ಲೇ ಇರುತ್ತದೆ, ಆದರೆ ಪಟ್ಟಿ ಅಡ್ಡ ಇರುವುದರಿಂದ ಚಿಲಕ ಕೂರುವುದಿಲ್ಲ. ಅಪಾಯ ಬಂದರೆ ಪಟ್ಟಿ ಎಳೆದರೆ ಸಾಕು. ಯಾಕೆ ಹೀಗೆ ಅಂದರೆ, ಏಳು ವರ್ಷದ ಮಕ್ಕಳು ಹತ್ತು ನಿಮಿಷಕ್ಕೊಬ್ಬರು ಬಾತ್‌ರೂಮಿಗೆ ಹೋಗುತ್ತಾರೆ. ಪ್ರತಿ ಸಲ ಎದ್ದು ಬಾಗಿಲು ತೆಗೆದರೆ ಪಾಠ ಆಗುವುದಿಲ್ಲ. ಬದುಕು ನಡೆಯುವ ಬಾಗಿಲು ಯಾವಾಗಲೂ ಸ್ವಲ್ಪ ತೆರೆದೇ ಇರುತ್ತದೆ. ಶಾಲೆಯ ಬೀಗ ಗಟ್ಟಿ ಇರಬೇಕು, ಸರಿ. ಆದರೆ ಎಲ್ಲವನ್ನೂ ಆ ಬೀಗದ ಮೇಲೇ ಬಿಟ್ಟರೆ ನಾವು ಸೋಲುತ್ತೇವೆ.

ಯುವಾಲ್ಡಿ ಆದಮೇಲೆ 2023ರಲ್ಲಿ ಟೆಕ್ಸಸ್ ಒಂದು ಕಾನೂನು ತಂದಿತು. ಪ್ರತಿ ಸರ್ಕಾರಿ ಶಾಲೆಯಲ್ಲೂ ಶಸ್ತ್ರ ಇರುವ ಒಬ್ಬ ಕಾವಲುಗಾರ ಇರಬೇಕು. ಅದಕ್ಕೆ ಆಗ ಕೊಟ್ಟ ಹಣ ವರ್ಷಕ್ಕೆ ಒಂದು ಶಾಲೆಗೆ 15,000 ಡಾಲರ್, ಜೊತೆಗೆ ಮಗುವಿಗೆ 10 ಡಾಲರ್. ಒಬ್ಬ ಪೊಲೀಸನ ಸಂಬಳಕ್ಕೂ ಅದು ಸಾಲದು. ನಮ್ಮ ಗೇಟಿನಲ್ಲಿ ನಿಲ್ಲುವ ಆಫೀಸರ್ ಒಳ್ಳೆಯ ಮನುಷ್ಯ. ಮಕ್ಕಳ ಹೆಸರೆಲ್ಲ ಗೊತ್ತು. ಅವರು ಇರುವುದು ನನಗೆ ಸಮಾಧಾನವೇ. ಆದರೆ 1999ರಲ್ಲಿ ಇಂಥದೇ ದಾಳಿ ನಡೆದ ಕೊಲಂಬೈನ್ ಶಾಲೆಯಲ್ಲೂ ಶಸ್ತ್ರ ಇರುವ ಕಾವಲುಗಾರ ಇದ್ದರು. 2018ರಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನಲ್ಲೂ ಇದ್ದರು, ಅವರು ಹೊರಗೇ ನಿಂತರು, 17 ಜನ ಸತ್ತರು. ಅದೇ ವರ್ಷ ಹ್ಯೂಸ್ಟನ್ ಪಕ್ಕದ ಸಾಂಟಾ ಫೆ ಹೈಸ್ಕೂಲಿನಲ್ಲಿ ಪೊಲೀಸರು ಬೆನ್ನು ತೋರಿಸಲಿಲ್ಲ, ಅವರಲ್ಲೊಬ್ಬರಿಗೆ ಜೀವ ಹೋಗುವಷ್ಟು ಪೆಟ್ಟಾಯಿತು. ಆದರೂ 10 ಜನ ಸತ್ತರು. ಗುಂಡು ಹಾರಿದ ಮೇಲೆ ಓಡಿಬರುವವರು ಎಷ್ಟೇ ಒಳ್ಳೆಯವರಾದರೂ, ಮೊದಲ ಕೆಲವು ನಿಮಿಷ ಆಗಲೇ ಕೈಜಾರಿರುತ್ತವೆ.

ಸಾಂಟಾ ಫೆಯಲ್ಲಿ 17 ವರ್ಷದ ಹುಡುಗ ತಂದಿದ್ದು ಅವನ ಅಪ್ಪನ ಬಂದೂಕುಗಳನ್ನು. ನಾನು ಇವತ್ತು ಬಂದಿರುವುದೇ ಈ ಮಾತು ಹೇಳಲು. ಅಧ್ಯಕ್ಷರ ಭದ್ರತೆ ನೋಡುವ ಇಲ್ಲಿನ ಸೀಕ್ರೆಟ್ ಸರ್ವಿಸ್‌ನವರು 2008ರಿಂದ 2017ರವರೆಗೆ ಶಾಲೆಗಳಲ್ಲಿ ನಡೆದ 41 ದಾಳಿಗಳನ್ನು ಬಿಡಿಸಿ ನೋಡಿದರು. ಬಂದೂಕು ಬಳಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ಅದು ಸಿಕ್ಕಿದ್ದು ಅಪ್ಪ ಅಮ್ಮನ ಅಥವಾ ಹತ್ತಿರದ ನೆಂಟರ ಮನೆಯಲ್ಲಿ.

ಮಿಶಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 2021ರ ನವೆಂಬರ್. ಬ್ಲ್ಯಾಕ್ ಫ್ರೈಡೇ ಅನ್ನುವ ರಿಯಾಯಿತಿ ಮಾರಾಟದ ದಿನ ಒಬ್ಬ ವಿದ್ಯಾರ್ಥಿಯ ಅಪ್ಪ ಒಂದು ಹ್ಯಾಂಡ್‌ಗನ್ ಕೊಂಡ. ನಾಲ್ಕು ದಿನದ ಮೇಲೆ, ನವೆಂಬರ್ 30ರ ಬೆಳಗ್ಗೆ, 15 ವರ್ಷದ ಮಗ ಗಣಿತದ ಹಾಳೆಯ ಮೇಲೆ ಬಂದೂಕಿನ ಚಿತ್ರ ಬರೆದಿದ್ದನ್ನು ಟೀಚರ್ ನೋಡಿದರು. ಪಕ್ಕದಲ್ಲಿ ಬರೆದಿದ್ದ: 'ಈ ಯೋಚನೆಗಳು ನಿಲ್ಲುತ್ತಿಲ್ಲ. ಸಹಾಯ ಮಾಡಿ.' ಶಾಲೆಯವರು ಅಪ್ಪ ಅಮ್ಮನನ್ನು ಕರೆಸಿದರು. ಒಂದು ಕೋಣೆಯಲ್ಲಿ ಎಲ್ಲರೂ ಕೂತರು. ಮನೆಯಲ್ಲಿ ಬಂದೂಕು ಇದೆಯಾ ಅಂತ ಯಾರೂ ಕೇಳಲಿಲ್ಲ. ಇದೆ ಅಂತ ಅಪ್ಪ ಅಮ್ಮ ಹೇಳಲಿಲ್ಲ. ಬ್ಯಾಗ್ ತೆರೆದು ನೋಡಲಿಲ್ಲ. ಹುಡುಗ ವಾಪಸ್ ಕ್ಲಾಸಿಗೆ ಹೋದ. ಸುಮಾರು ಎರಡು ಗಂಟೆಯ ಮೇಲೆ ಅದೇ ಬ್ಯಾಗಿನಿಂದ ಬಂದೂಕು ತೆಗೆದು ನಾಲ್ಕು ಮಕ್ಕಳನ್ನು ಕೊಂದ.

ಆ ಕೋಣೆಯಲ್ಲಿ ಕೂತವರೆಲ್ಲ ನಮ್ಮ ನಿಮ್ಮಂಥವರೇ. ಒಂದೇ ಒಂದು ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ. 2024ರಲ್ಲಿ ಆ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಶಿಕ್ಷೆಯಾಯಿತು. ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಲೇಬೇಕು ಅನ್ನುವ ಕಾನೂನನ್ನು ಮಿಶಿಗನ್ ಅದೇ ವರ್ಷ ಜಾರಿಗೆ ತಂದಿತು. ನಮ್ಮ ಟೆಕ್ಸಸ್‌ನಲ್ಲಿ ಮಗುವಿನ ಕೈಗೆ ಬಂದೂಕು ಸಿಗುವಂತೆ ಬಿಟ್ಟರೆ ಅಪರಾಧ ಹೌದು, ಆದರೆ ಮಗು ಅಂದರೆ 17 ತುಂಬದವರು ಮಾತ್ರ. ಸಾಂಟಾ ಫೆಯ ಹುಡುಗನಿಗೆ 17 ಆಗಿತ್ತು.

ನಾನು ಬಂದೂಕು ಕಾಣದ ಮನೆಯಿಂದ ಬಂದವಳಲ್ಲ. ನಾನು ಕೊಡಗಿನವಳು. 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಬಂದೂಕಿಗೆ ಲೈಸೆನ್ಸ್ ಬೇಕು, ಆದರೆ ಕೊಡವರಿಗೆ, ಜಮ್ಮಾ ಭೂಮಿ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಇರುವವರಿಗೆ ಅದರಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಗುಡ್ಡದಾಚೆ ಸದ್ದು ಕೇಳಿದರೆ ಅಜ್ಜಿ ಎಣಿಸುತ್ತಿದ್ದರು. ಕೈಲ್‌ಪೊಳ್ದ್ ಅನ್ನುವ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಬೆಂಕಿಯ ನಾಲಿಗೆಯಂಥ ಕೆಂಪು ಹಳದಿ ಹೂವು. ಉಳುಮೆ ನಾಟಿಯ ತಿಂಗಳುಗಳಲ್ಲಿ ಆಯುಧಗಳನ್ನು ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಟ್ಟುಬಿಡುವುದು, ಆ ಹಬ್ಬದ ದಿನವೇ ತೆಗೆಯುವುದು ಹಳೆಯ ಪದ್ಧತಿ. ನಮ್ಮ ಮನೆಯಲ್ಲಿ ಆ ಕೋಣೆಯ ಬೀಗದ ಕೈ ಅಜ್ಜಿಯ ಗೊಂಚಲಿನಲ್ಲಿತ್ತು. ತೋಟಾ ಬೇರೆ ಕಡೆ, ಅಕ್ಕಿ ಪೆಟ್ಟಿಗೆಯ ಕೋಣೆಯಲ್ಲಿ. ಅಜ್ಜನಿಗೆ ಕೋವಿ ಬೇಕೆಂದರೆ ಅಜ್ಜಿಯನ್ನು ಕೇಳಬೇಕಿತ್ತು. 'ಯಾಕೆ?' ಅಂತ ಅಜ್ಜಿ ಕೇಳಿಯೇ ಕೊಡುತ್ತಿದ್ದರು. ಕೊಡಗಿನಲ್ಲೂ ಕೋವಿಯಿಂದ ಅನಾಹುತ ಆಗಿವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೋವಿಗೂ ಕೈಗೂ ನಡುವೆ ಒಬ್ಬರು ನಿಂತು 'ಯಾಕೆ' ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದಮೇಲೆ.

ಮನೆಯ ಬೀಗ ಒಂದೇ ಸಾಕಾ? ಸಾಲದು. ಯುವಾಲ್ಡಿಯ ಹುಡುಗ ಯಾರ ಮನೆಯಿಂದಲೂ ಕದಿಯಲಿಲ್ಲ. ಮೇ 16ಕ್ಕೆ ಅವನಿಗೆ 18 ತುಂಬಿತು. ಮೇ 17ಕ್ಕೆ ಒಂದು ರೈಫಲ್, ಮೇ 20ಕ್ಕೆ ಇನ್ನೊಂದು. ಎರಡೂ ಕಾನೂನು ಪ್ರಕಾರವೇ ಕೊಂಡದ್ದು. ಅಂಗಡಿಯಲ್ಲಿ ಹ್ಯಾಂಡ್‌ಗನ್ ಕೊಳ್ಳಲು ಆಗ 21 ಆಗಬೇಕಿತ್ತು, ರೈಫಲ್‌ಗೆ 18 ಸಾಕಿತ್ತು. ಆ ಜೂನ್ 25ಕ್ಕೆ ಬಂದ ಕೇಂದ್ರ ಕಾನೂನು 21ರೊಳಗಿನವರಿಗೆ ಹೆಚ್ಚಿನ ತಪಾಸಣೆ ತಂದಿತು, ವಯಸ್ಸು ಏರಿಸಲಿಲ್ಲ. ಟೆಕ್ಸಸ್‌ನಲ್ಲಿ ಅಂಥ ರೈಫಲ್‌ಗೆ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ 2023ರಲ್ಲಿ ಸಮಿತಿ ದಾಟಿತು, ಸದನಕ್ಕೆ ಬರಲೇ ಇಲ್ಲ. ಮಕ್ಕಳನ್ನು ಕಳೆದುಕೊಂಡವರು ಅದಕ್ಕಾಗಿ ಗಂಟೆಗಟ್ಟಲೆ ಕಾದಿದ್ದರು. ಬಿಯರ್ ಕೊಳ್ಳಲು 21 ಬೇಕಾದ ರಾಜ್ಯದಲ್ಲಿ ಇದು ಯಾಕೆ ಆಗುವುದಿಲ್ಲ? ವೋಟ್ ಇರುವವರು ದಯವಿಟ್ಟು ನಿಮ್ಮ ಪ್ರತಿನಿಧಿಗೆ ಫೋನ್ ಮಾಡಿ ಕೇಳಿ. ನಾನು ಮಾಡುತ್ತೇನೆ.

ಶಾಲೆಯ ದಾಳಿಗಳಷ್ಟೇ ನಮ್ಮ ಚಿಂತೆ ಆಗಬಾರದು. 2020ರಿಂದ ಈ ದೇಶದಲ್ಲಿ 1ರಿಂದ 19 ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ಬಂದೂಕು. ಅದರಲ್ಲಿ ಶಾಲೆಯ ದಾಳಿ ತೀರಾ ಸಣ್ಣ ಪಾಲು. ದೊಡ್ಡ ಪಾಲು ಬೀದಿಯಲ್ಲಿ, ಮನೆಯಲ್ಲಿ. ಮನಸ್ಸು ಕುಸಿದ ಹದಿಹರೆಯದ ಮಗು, ಕೈಗೆ ಸಿಗುವ ಬಂದೂಕು. ಆ ಕತ್ತಲೆಯ ಗಳಿಗೆ ಹೆಚ್ಚಾಗಿ ದಾಟಿಹೋಗುವಂಥದ್ದು. ಅಷ್ಟು ಹೊತ್ತು ಕೈಗೆ ಅದು ಸಿಗದಿದ್ದರೆ ಮಗು ಉಳಿಯುತ್ತದೆ. ಮಾರ್ಕ್ಸ್, ಕಾಲೇಜು ಅಂತ ಮಕ್ಕಳ ಮೇಲೆ ಭಾರ ಹೇರುವವರು ನಮ್ಮಲ್ಲಿ ಕಮ್ಮಿ ಇಲ್ಲ. ನಮ್ಮವರಲ್ಲೂ ಬಂದೂಕು ಕೊಂಡವರು ಇದ್ದಾರೆ.

ಹಾಗಾಗಿ ನನ್ನ ಕೋರಿಕೆ ಒಂದು. ಮಗುವನ್ನು ಸ್ನೇಹಿತರ ಮನೆಗೆ, ಸ್ಲೀಪ್‌ಓವರ್‌ಗೆ ಕಳಿಸುವಾಗ ನಾವು ಏನೇನು ಕೇಳುತ್ತೇವೆ? 'ನಮ್ಮವನು ಮೊಟ್ಟೆ ತಿನ್ನಲ್ಲ, ಪಿಜ್ಜಾ ವೆಜ್ ಇರಲಿ' ಅಂತ ಧೈರ್ಯವಾಗಿ ಹೇಳುತ್ತೇವೆ. ನಾಯಿ ಕಚ್ಚುತ್ತಾ, ಈಜುಕೊಳಕ್ಕೆ ಬೇಲಿ ಇದೆಯಾ ಅಂತ ಕೇಳುತ್ತೇವೆ. ಬಂದೂಕು ಇದೆಯಾ, ಬೀಗ ಹಾಕಿದ್ದೀರಾ ಅಂತ ಕೇಳಲು ಮಾತ್ರ ನಾಲಿಗೆ ಹೊರಳಲ್ಲ. ಏನಂದುಕೊಳ್ಳುತ್ತಾರೋ ಅಂತ.

ನಾನೂ ಹಿಂಜರಿದವಳೇ. ಮೊದಲ ಸಲ ಎದುರು ಮನೆಯವರನ್ನು ಕೇಳುವಾಗ ಬಾಗಿಲಲ್ಲೇ ನಿಂತು ಎರಡು ಸಲ ಮಾತು ನುಂಗಿದೆ. ಆಮೇಲೆ ಕೇಳಿದೆ. ಆ ಹೆಂಗಸು ಒಂದು ಕ್ಷಣ ಸುಮ್ಮನಾದರು. 'ಬನ್ನಿ' ಅಂತ ಕರೆದು, ಕ್ಲಾಸೆಟ್‌ನಲ್ಲಿದ್ದ ಸೇಫ್ ತೋರಿಸಿದರು. ಮೂರನೇ ದಿನ ಅವರ ಮಗಳು ನಮ್ಮ ಮನೆಗೆ ಬರುವ ಮುಂಚೆ ಅವರು ಫೋನ್ ಮಾಡಿ ನನ್ನನ್ನೂ ಅದೇ ಕೇಳಿದರು. ನನಗೆ ಎಷ್ಟು ಹಗುರ ಅನ್ನಿಸಿತು ಗೊತ್ತಾ!

ಹಿಂದಿನ ಟೇಬಲ್ ಮೇಲೆ, ಕಾಫಿ ಫ್ಲಾಸ್ಕ್ ಪಕ್ಕ, ಒಂದು ರಟ್ಟಿನ ಡಬ್ಬಿ ಇದೆ. ಅದರಲ್ಲಿ ಕೇಬಲ್ ಲಾಕ್‌ಗಳಿವೆ. ಪೊಲೀಸ್ ಇಲಾಖೆಗಳು ಇವನ್ನು ಸುಮ್ನೆ ಹಂಚುತ್ತವೆ, ದುಡ್ಡಿಲ್ಲ. ಮೊದಲು ಗುಂಡು ತೆಗೆಯಿರಿ, ಆಮೇಲೆ ಕೇಬಲ್ ತೂರಿಸಿ ಬೀಗ ಒತ್ತಿ, ಕೀಲಿಕೈಯನ್ನು ಮಕ್ಕಳಿಗೆ ಗೊತ್ತಿಲ್ಲದ ಕಡೆ ಇಡಿ. ಯಾರು ತೆಗೆದುಕೊಂಡರು ಅಂತ ನಾನು ನೋಡುವುದಿಲ್ಲ. ಕ್ಲಾಸ್ ಬಿಡಲು ಇನ್ನೂ ಇಪ್ಪತ್ತು ನಿಮಿಷ ಇದೆ. ಏನಾದರೂ ಕೇಳುವುದಿದ್ದರೆ ಕೇಳಿ.